ಕೆಳಮನೆಯ ಬಾಗಿಲು

ಲೋಕೇಶ ಒಂದೇ ಬೆರಳಿನಲ್ಲಿ ಊರ ದೇವತೆಯ ಹೆಸರು ಒತ್ತಿ ಎಂಟರ್ ಹೊಡೆದ. ಪಾಸ್‌ವರ್ಡ್ ತಪ್ಪು ಎಂದು ಬಂತು. ತಮ್ಮನ ಹುಟ್ಟಿದ ದಿನ ಒತ್ತಿದ, ಅದೂ ತಪ್ಪು. ತೀರಿಹೋದ ಅವ್ವನ ಹೆಸರು, ಮನೆ ನಂಬರು, ತಮ್ಮನ ಮೂರು ಚಕ್ರದ ಸ್ಕೂಟರಿನ ನಂಬರು, ಯಾವುದಕ್ಕೂ ಆ ಕಂಪ್ಯೂಟರು ಜಗ್ಗಲಿಲ್ಲ.

"ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೋನು, ಒಂದ್ ಮಾತು ಹೇಳಿ ಹೋಗ್ಬಾರ್ದಿತ್ತಾ," ಎಂದು ಗೊಣಗಿ ಕಣ್ಣು ಒರೆಸಿಕೊಂಡ.

ಆ ತಮ್ಮ, ದೇವರಾಜ, ಹೊರಗೆ ಶಾಮಿಯಾನದ ಕೆಳಗೆ ಗಾಜಿನ ಮುಚ್ಚಳದ ತಣ್ಣನೆ ಪೆಟ್ಟಿಗೆಯಲ್ಲಿ ಮಲಗಿದ್ದ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನದು. ನಿನ್ನೆ ಸಂಜೆ ಕುರ್ಚಿಯಲ್ಲಿ ಕೂತಹಾಗೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಈಗ ಊರವರ ಮುಂದೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಬೇಕು, ಅದಕ್ಕೊಂದು ಫೋಟೊ ಬೇಕು. ಮನೆಯ ಮದುವೆ ಮುಂಜಿಗಳಲ್ಲೆಲ್ಲ ಕ್ಯಾಮೆರಾ ಹಿಡಿದವನು ಅವನೇ, ಹಾಗಾಗಿ ಯಾವ ಫೋಟೊದಲ್ಲೂ ಅವನಿಲ್ಲ. ಕಂಪನಿಯ ಐಡಿ ಕಾರ್ಡಿನಲ್ಲಿ ಒಂದಿತ್ತು. ಅದನ್ನು ನೋಡಿ ಫ್ಲೆಕ್ಸ್ ಅಂಗಡಿಯವನು, "ಅಣ್ಣ, ಇದು ದೊಡ್ಡದು ಮಾಡಿದ್ರೆ ಮುಖಾನೇ ಗೊತ್ತಾಗಲ್ಲ, ಬೇರೆ ಕಳ್ಸಿ," ಎಂದು ಚಂದಾಪುರದಿಂದ ಪದೇಪದೇ ಫೋನ್ ಮಾಡುತ್ತಿದ್ದ.

ಬಾಗಿಲಲ್ಲಿ ನಿಂತಿದ್ದ ಪರಮಾನಂದ ಕೆಮ್ಮಿದ. ದೇವರಾಜನ ಜೊತೆ ಕೆಲಸ ಮಾಡುವವನು, ಗದಗಿನ ಕಡೆಯವನು, ಸತ್ತ ಮನೆಯಲ್ಲಿ ಎಷ್ಟು ಮಾತಾಡಬಹುದು ಎಂದು ಅಳೆಯುತ್ತ ನಿಂತಿದ್ದ.

"ಮನ್ಯಾಗ ಇನ್ನೊಂದ್ ಕಂಪ್ಯೂಟರ್ ಐತೇನ್ರಿ? ನಮ್ಮ ಮಗಳು ಮೇಲಿಂದ ಪಾಸ್‌ವರ್ಡ್ ಇಲ್ದನ ನನ್ನ ಮಷೀನಿಗೆ ಬರ್ತಾಳ ಅಂತ ಹೇಳ್ತಿದ್ರು ದೇವರಾಜ್ ಸರ್."

"ಅವನಿಗೆಲ್ಲಿಂದ ಮಗಳು? ಮದ್ವೇನೇ ಆಗಿರ್ಲಿಲ್ಲ," ಎಂದ ಲೋಕೇಶ. ಆಮೇಲೆ ಹೊಳೆಯಿತು. ಕಿಟಕಿಯಿಂದ ಆಚೆ ನೋಡಿದ. ಅವನ ಮಗಳು ಮಂಜುಶ್ರೀ ಗೇಟಿನ ಹತ್ತಿರ, ಪ್ಲಾಸ್ಟಿಕ್ ಕುರ್ಚಿಗಳ ಆಚೆ, ಯಾರದೋ ಮನೆಯ ಸಾವಿಗೆ ಬಂದವಳಂತೆ ಬ್ಯಾಗು ತಗುಲಿಹಾಕಿಕೊಂಡೇ ನಿಂತಿದ್ದಳು.

ಮಂಜುಶ್ರೀ ಬೆಳಿಗ್ಗೆಯೇ ವೈಟ್‌ಫೀಲ್ಡಿನ ತನ್ನ ಪಿ.ಜಿ.ಯಿಂದ ಬಂದಿದ್ದಳು. ಬಂದವಳು ಪೆಟ್ಟಿಗೆಯ ಹತ್ತಿರ ಹೋಗಿರಲಿಲ್ಲ. ಲೋಕೇಶನ ಸೋದರತ್ತೆ ಪಿಳ್ಳಮ್ಮ ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಹೆಣದ ತಲೆಯ ಹತ್ತಿರ ಕೂತಿದ್ದಳು. ಮುಖದ ಮೇಲಿನ ಗಾಜಿನ ಕಿಂಡಿ ಸರಿಸಿ ಯಾರು ಬಾಯಿಗೆ ಅಕ್ಕಿ ಹಾಕಿದರು, ಯಾರು ಹಾಕಿಲ್ಲ ಎನ್ನುವುದು ಅವಳ ಕಣ್ಣು ತಪ್ಪಿ ಹೋಗುವ ವಿಷಯವಲ್ಲ.

"ತಾಯೀನೂ ಆಕಿಲ್ಲ, ಮಗ್ಳೂ ಆಕಿಲ್ಲ. ಏನ್ ಬಂದದೆ ಇವ್ರಿಗೆ," ಎಂದು ಪಕ್ಕದವಳಿಗೆ ಹೇಳಿ, ದನಿ ಎತ್ತರಿಸಿದಳು. "ಏ ವೇಣಿ, ಬಾರೆ ಇಲ್ಲಿ. ದಿನಾ ಉಣ್ಣೋಕಿಕ್ದೋಳು ನೀನು. ಒಂದ್ ಕಾಳು ಅಕ್ಕಿ ಆಕು."

ಮಂಜುಶ್ರೀಯ ತಾಯಿ ವೇಣಿ ಕಾಫಿ ಲೋಟಗಳ ತಟ್ಟೆ ಹಿಡಿದು ಸುತ್ತುತ್ತಿದ್ದಳು. ಸತ್ತ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಕಾಫಿ ಹೋಟೆಲಿನಿಂದ ಬಂದಿತ್ತು. "ಬಂದೋರಿಗೆ ಕಾಫಿ ಕೊಟ್ಟು ಬರ್ತೀನಿ ಅತ್ತೆ," ಎಂದು ಮತ್ತೆ ಶಾಮಿಯಾನದ ಇನ್ನೊಂದು ಮೂಲೆಗೆ ಹೋದಳು. ಬೆಳಗಿನಿಂದ ಅದೇ ಉತ್ತರ.

ಲೋಕೇಶ ಗೇಟಿನ ತನಕ ಬಂದು ಮಗಳ ಮುಂದೆ ನಿಂತ. ಮಗಳ ಹತ್ತಿರ ಏನಾದರೂ ಕೇಳುವುದನ್ನು ಅವನು ಮರೆತೇ ವರ್ಷಗಳಾಗಿದ್ದವು.

"ಮಂಜು, ನಿನ್ ಹಳೇ ಕಂಪ್ಯೂಟರಿಂದ ಅವನದು ತೆರೆಯುತ್ತಂತೆ. ಒಂದ್ ಫೋಟೊ ತೆಗೆದುಕೊಡವ್ವ."

ಅವಳಿಗೆ ಒಳಗೆಲ್ಲ ಉರಿದುಹೋಯಿತು. ಆ ದಾರಿಯಲ್ಲೇ ಚಿಕ್ಕಪ್ಪ ತನ್ನ ಬದುಕಿಗೆ ನುಗ್ಗಿ ಹಾಳುಮಾಡಿದ ಎಂದು ನಂಬಿದವಳು ಅವಳು. ಅವನು ಸತ್ತ ದಿನ ಅದೇ ದಾರಿ ಹಿಡಿದು ಅವನ ಮುಖ ಹುಡುಕಿ ತರಬೇಕು. ಆದರೂ ಅಪ್ಪ ಕೈ ಜೋಡಿಸುವುದೊಂದು ಬಾಕಿ ಇರುವ ಹಾಗೆ ನಿಂತಿದ್ದ. "ಸರಿ," ಎಂದಳು.

* * *

ದೇವರಾಜನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿತ್ತು. ಹೊಲಗಳೆಲ್ಲ ಲೇಔಟಾಗಿ ಅಣ್ಣ ಈ ಮೂರಂತಸ್ತಿನ ಮನೆ ಎಬ್ಬಿಸಿದಾಗ, ಮೇಸ್ತ್ರಿ ಜಾಗ ಉಳಿಸಲು ಹೋಗಿ ಮೆಟ್ಟಿಲನ್ನು ಏಣಿಯ ಹಾಗೆ ಕಡಿದಾಗಿ ಕಟ್ಟಿಬಿಟ್ಟ. ಗೃಹಪ್ರವೇಶದ ದಿನ ಇಬ್ಬರು ದೇವರಾಜನನ್ನು ಎತ್ತಿಕೊಂಡು ಹೋಗಿ ಮೇಲೆ ಕೂರಿಸಿದ್ದರು. ಅವನು ಮೇಲಿನ ಮನೆ ನೋಡಿದ್ದು ಅದೇ ಮೊದಲು, ಅದೇ ಕೊನೆ. ಅವನಿದ್ದದ್ದು ನೆಲಮಹಡಿಯ ಕೋಣೆಯಲ್ಲಿ. ಮಧ್ಯದ ಅಂತಸ್ತಿನಲ್ಲಿ ಕಾರ್ಖಾನೆಯ ಹುಡುಗರು ಬಾಡಿಗೆಗಿದ್ದರು. ಎರಡು ಹೊತ್ತೂ ಅತ್ತಿಗೆ ವೇಣಿ ತಟ್ಟೆ ಹಿಡಿದು ಮೇಲಿನಿಂದ ಇಳಿದು ಬರುತ್ತಿದ್ದಳು.

ಮಂಜುಶ್ರೀ ಬಿ.ಕಾಂ. ಸೇರಿದಾಗ ಅವನು ಕಂಪನಿಯವರು ಬದಿಗಿಟ್ಟ ಒಂದು ಹಳೆಯ ಕಂಪ್ಯೂಟರು ತಂದುಕೊಟ್ಟ. ಅದರಲ್ಲಿ ನಾಲ್ಕು ಸಿನಿಮಾ ಹಾಕಿದರೆ ಜಾಗ ಮುಗಿದು ಮುಲುಗುತ್ತಿತ್ತು. ಅವನ ಸ್ವಂತದ್ದರಲ್ಲಿ ಬೇಕಾದಷ್ಟು ಜಾಗವಿತ್ತು. ಒಂದು ಭಾನುವಾರ ಅವಳದನ್ನು ಕೆಳಗೆ ತರಿಸಿಕೊಂಡು ಮಂಚದ ಪಕ್ಕದಲ್ಲಿಟ್ಟು ಕೂತ.

"ಮೊದ್ಲು ನಿನ್ ಪಾಸ್‌ವರ್ಡ್ ಹಾಕ್ಕೋ ಮಗಾ. ನಾನು ಆ ಕಡೆ ತಿರುಗ್ತೀನಿ."

"ನೀನು ನೋಡಿದ್ರೆ ಏನಾಗುತ್ತೆ ಚಿಕ್ಕಪ್ಪ?"

"ನೋಡ್ಬಾರ್ದು ಅಂದ್ರೆ ನೋಡ್ಬಾರ್ದು," ಎಂದು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಕೂತ. ಹೊಸ ಫೋನು ಕೈಯಲ್ಲಿದ್ದ ಹುಡುಗಿಗೆ ಅವನ ಬೆನ್ನು ನೋಡಿ ನಗು ಬಂತು. "ಆಯ್ತು ಚಿಕ್ಕಪ್ಪ," ಎಂದಳು. ಅವನು ತಿರುಗುವಷ್ಟರಲ್ಲಿ ಒಂದು ಫೋಟೊ ಹೊಡೆದಳು.

ಆಮೇಲೆ ಅವನು ಅದೇನೇನೋ ಟೈಪ್ ಮಾಡಿ, ಅವಳ ಪರದೆಯ ಮೇಲೆ 'ಕೆಳಮನೆ' ಎಂಬ ಹೆಸರಿನ ಚಿಕ್ಕ ಚಿತ್ರವೊಂದನ್ನು ತಂದಿಟ್ಟ. ಒತ್ತಿದರೆ ಅವನ ಕಂಪ್ಯೂಟರು ಏನೂ ಕೇಳದೆ ತೆರೆದುಕೊಳ್ಳುತ್ತಿತ್ತು.

"ನೋಡು, ಬಾಗಿಲು ನಂದು, ಬೀಗ ನಿಂದು. ನಿನ್ ಬೀಗಾನೇ ತಂದು ನನ್ ಬಾಗಿಲಿಗೆ ಹಾಕಿದೀನಿ. ಬೀಗದಕೈ ನಿನ್ ಹತ್ರಾನೇ ಇರುತ್ತೆ. ನೀನು ಬಂದ್ರೆ ಯಾರು ಏನು ಅಂತ ಕೇಳಲ್ಲ ಅದು."

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ಆಗಲೇ ಅವನ ಹಾಡುಗಳ ಮಧ್ಯೆ ಓಡಾಡುತ್ತಿದ್ದಳು. "ಸಕ್ಕತ್ ಚಿಕ್ಕಪ್ಪ. ಇದನ್ನ ಆನ್ ಮಾಡಿದಾಗ್ಲೂ ಪಾಸ್‌ವರ್ಡ್ ಕೇಳ್ಬಾರ್ದು, ಅದನ್ನೂ ತೆಗೆದುಬಿಡು."

"ಅದು ಬೇಡ. ಮನೇಲಿ ಜನ ಓಡಾಡ್ತಾರೆ."

"ನಮ್ಮನೇಲಿ ಯಾರಿಗ್ ಬರುತ್ತೆ ಕಂಪ್ಯೂಟರು? ಅಮ್ಮಂಗೆ ಮೌಸ್ ಕಂಡ್ರೇ ಭಯ."

ಅವನಿಗೆ ಅವಳ ಮಾತು ತೆಗೆದುಹಾಕಲು ಬರುತ್ತಿರಲಿಲ್ಲ. ಅದನ್ನೂ ಮಾಡಿಕೊಟ್ಟ.

* * *

ಕೊನೆಯ ವರ್ಷದಲ್ಲಿ ಬಸು ಸಿಕ್ಕಿದ. ರಾಜಗೋಪಾಲನಗರದ ಹುಡುಗ. ಅವನ ತಂದೆ ಪೀಣ್ಯದಲ್ಲಿ ಲೇತ್ ಮಷೀನು ನಡೆಸುತ್ತಿದ್ದರು. ಜಾತಿ ಬೇರೆ. ಇಬ್ಬರೂ ಒಂದು ದಿನ ಕಾಲೇಜು ತಪ್ಪಿಸಿ ಮುತ್ಯಾಲಮಡುವಿನ ಜಲಪಾತಕ್ಕೆ ಹೋಗಿ, ಜೊತೆಯಲ್ಲಿ ಫೋಟೊ ತೆಗೆದುಕೊಂಡು ಬಂದರು. ಆ ಫೋಟೊಗಳನ್ನು ಮಂಜುಶ್ರೀ 'ಕೆಳಮನೆ'ಯಲ್ಲಿ ಇಡಲಿಲ್ಲ. ಫೋನಿನಿಂದ ಅಳಿಸಿ, ತನ್ನ ಕಂಪ್ಯೂಟರಿನಲ್ಲೇ 'ಟ್ಯಾಲಿ ನೋಟ್ಸ್' ಎಂದು ಹೆಸರು ಕೊಟ್ಟು ಮುಚ್ಚಿಟ್ಟಳು. ದಿನಕ್ಕೊಮ್ಮೆ ತೆರೆದು ನೋಡದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ಒಂದು ಸಂಜೆ ಲೋಕೇಶ ಊಟದ ತಟ್ಟೆಯಿಂದ ತಲೆ ಎತ್ತದೆ ಕೇಳಿದ. "ಮುತ್ಯಾಲಮಡುವಲ್ಲಿ ನೀರು ಚೆನ್ನಾಗಿತ್ತಾ?"

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಅವಳ ಕೈಯಿಂದ ಫೋನು ಹೋಯಿತು. ಲೋಕೇಶ ಇಬ್ಬರನ್ನು ಕಟ್ಟಿಕೊಂಡು ರಾಜಗೋಪಾಲನಗರಕ್ಕೆ ಹೋಗಿ ಬಸುವಿನ ಮನೆಯ ಮುಂದೆ ಕೂಗಾಡಿ ಬಂದ. ಬಸು ಹೆದರಿದ. ವರ್ಷ ತುಂಬುವುದರೊಳಗೆ ಬೇರೆ ಕಡೆ ಅವನ ಮದುವೆಯೂ ಆಯಿತು. ಮಂಜುಶ್ರೀ ಮದುವೆಯ ಮಾತೆತ್ತಿದರೆ ಎದ್ದು ಹೋಗುವವಳಾದಳು.

ಯಾರು ಹೇಳಿದರು ಎಂದು ಅವಳು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಫೋಟೊ ಇದ್ದದ್ದು ಒಂದೇ ಕಡೆ. ಕಂಪ್ಯೂಟರು ಗೊತ್ತಿದ್ದವನು ಮನೆಗೆ ಒಬ್ಬನೇ. ನಡುವೆ ದಾರಿ ಮಾಡಿದವನೂ ಅವನೇ. ಅವಳು ಕೆಳಗಿಳಿದು ಅವನ ಬಾಗಿಲಲ್ಲಿ ನಿಂತಾಗ ಅವನು ಮಂಚದ ಮೇಲೆ ಊಟಕ್ಕೆ ಕೂತಿದ್ದ, ವೇಣಿ ಮುದ್ದೆಗೆ ಸಾರು ಬಿಡುತ್ತಿದ್ದಳು.

"ನನ್ ಕಂಪ್ಯೂಟರ್ ಒಳಗೆ ಬಂದಿದ್ದೆ ಅಲ್ವಾ ನೀನು?"

"ನಾನಾ?"

"ನಾನು ಕೇಳ್ದೇನೇ ನಿನ್ ಕಂಪ್ಯೂಟರಿಗೆ ಬರ್ತೀನಿ. ಹಂಗೇ ನೀನೂ ಬರ್ತೀಯ. ಅದಕ್ಕೇ ಮಾಡ್ಕೊಟ್ಟಿದ್ದು."

ದೇವರಾಜ ಹೇಳಲು ಬಾಯಿ ತೆರೆದ. ಅತ್ತಿಗೆಯ ಕಡೆ ನೋಡಿದ. ವೇಣಿ ಬಗ್ಗಿ ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಳು, ಮುಖ ಕಾಣಲಿಲ್ಲ. ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ.

"ಸರಿ ಬಿಡು ಮಗಾ," ಎಂದ.

ಅದನ್ನು ಒಪ್ಪಿಗೆಯೆಂದುಕೊಂಡು ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಕೆಲಸ ಸಿಕ್ಕಿ ವೈಟ್‌ಫೀಲ್ಡಿಗೆ ಹೋದಳು. ಹಬ್ಬಕ್ಕೆ ಬಂದರೆ ಅವನ ಕೋಣೆಯ ಮುಂದೆ ಚಪ್ಪಲಿಯ ಸದ್ದಾಗದ ಹಾಗೆ ಹಾದುಹೋಗುತ್ತಿದ್ದಳು. ಅವನು ಬಾಗಿಲು ಮಾತ್ರ ತೆರೆದೇ ಇಟ್ಟಿರುತ್ತಿದ್ದ. ಆರು ವರ್ಷ ಹೀಗೇ ಕಳೆಯಿತು.

* * *

ಮೇಲಿನ ಮನೆಯಲ್ಲಿ ಅವಳ ಕಂಪ್ಯೂಟರಿಗೆ ಹಳೆಯ ದುಪ್ಪಟಿ ಹೊದಿಸಿದ್ದರು. ಮಂಜುಶ್ರೀ ಅದನ್ನು ತೆಗೆದು ಗುಂಡಿ ಒತ್ತಿದಳು. ಪರಮಾನಂದ ಕುರ್ಚಿಯೆಳೆದುಕೊಂಡು ಪಕ್ಕದಲ್ಲಿ ಕೂತ. ಬಹಳ ಹೊತ್ತು ಗುರುಗುಟ್ಟಿ ಪರದೆ ಬೆಳಗಿತು. 'ಕೆಳಮನೆ' ಅಲ್ಲೇ ಮೂಲೆಯಲ್ಲಿತ್ತು. ಅವಳ ಬೆರಳು ಅದರ ಮೇಲೆ ಹೋಗಲು ತಡಮಾಡಿತು.

ಒತ್ತಿದ ಕೂಡಲೇ ತೆರೆಯಿತು. ಕೆಳಗೆ ಅಣ್ಣನಿಗೇ ಬಗ್ಗದಿದ್ದ ಕಂಪ್ಯೂಟರು ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಫೋಟೊಗಳಲ್ಲಿ ಎಲ್ಲರೂ ಇದ್ದರು. ಲೋಕೇಶ, ಪಿಳ್ಳಮ್ಮ, ಬಾಡಿಗೆಯ ಹುಡುಗರು, ಶಾಲೆಯ ಉಡುಪಿನಲ್ಲಿ ಮಂಜುಶ್ರೀ. ಕ್ಯಾಮೆರಾ ಹಿಡಿದವನೊಬ್ಬ ಇರಲಿಲ್ಲ. ಕೆಳಗೆ ಹೋಗುತ್ತ ಹೋಗುತ್ತ ಒಂದು ಕಡೆ ಅವಳ ಕೈ ನಿಂತಿತು. ಹಿಂದೆ ಕ್ಯಾಲೆಂಡರು. ಗೋಡೆಯಿಂದ ಇತ್ತ ತಿರುಗುತ್ತಿರುವ ಮುಖ, ಅರ್ಧ ನಗು. ಅವಳೇ ತೆಗೆದು, ಅವತ್ತೇ ಇಲ್ಲಿ ತಂದಿಟ್ಟದ್ದು.

"ಇದು ಛಲೋ ಐತ್ರಿ," ಎಂದ ಪರಮಾನಂದ. ಅವಳು ಅಪ್ಪನ ಫೋನಿಗೆ ಅದನ್ನು ಕಳಿಸಿದಳು. ಕೆಲಸ ಮುಗಿದಿತ್ತು, ಏಳಬಹುದಿತ್ತು. ಏಳಲಾಗಲಿಲ್ಲ.

"ಸರ್, ಇಲ್ಲಿಂದ ಅಲ್ಲಿಗೆ ಹೋದ ಹಾಗೇ, ಅಲ್ಲಿಂದ ಇಲ್ಲಿಗೂ ಬರ್ಬೋದಲ್ವಾ?" ಗೊತ್ತಿದ್ದದ್ದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು ಅವಳಿಗೆ. ಹಾಗೆ ಕೇಳಿಕೊಂಡು, ಸಿಟ್ಟು ಗಟ್ಟಿಮಾಡಿಕೊಂಡು, ಕೆಳಗಿಳಿದು ಬಸ್ಸು ಹತ್ತಿಬಿಡಬೇಕು ಎಂದಿತ್ತು.

"ಇಲ್ರಿ. ಹಂಗ್ ಬರೂದಿಲ್ಲ."

"ಬರುತ್ತೆ ಸರ್. ನನ್ ವಿಷಯದಲ್ಲಿ ಆಗಿದೆ."

"ಬರ್ಬೇಕಂದ್ರ ಅವ್ರು ತಮ್ಮ ಬೀಗಾನೂ ತಂದು ನಿಮ್ಮ ಬಾಗಿಲಿಗೆ ಹಾಕಿರ್ಬೇಕು. ಅದು ಬ್ಯಾರೆ ಕೆಲಸ. ತಡೀರಿ, ನೋಡೂಣು." ಅವನು ಕೀಬೋರ್ಡು ತನ್ನತ್ತ ಎಳೆದುಕೊಂಡು ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದ. "ಇಲ್ಲ. ನಿಮ್ಮ ಕಡೆ ಯಾರ ಬೀಗಾನೂ ಇಲ್ಲ. ನಿಮ್ದಷ್ಟ ಅಲ್ಲಿ ಐತಿ."

"ಪಾಸ್‌ವರ್ಡ್ ಹೊಡೆದು ಬಂದಿರ್ಬೋದು."

ಪರಮಾನಂದನಿಗೆ ಈಗ ಇದು ಬರೀ ಕಂಪ್ಯೂಟರಿನ ವಿಷಯವಲ್ಲ ಎಂದು ಗೊತ್ತಾಯಿತು. ಅವಳ ಮುಖ ನೋಡದೆ ಹೇಳಿದ. "ಅದನ್ನೂ ನೋಡಿಬಿಡೂಣು. ಈಗ ನಾವು ಇಲ್ಲಿಂದ ಸರ್ ಮಷೀನಿಗೆ ಹೋದ್ವಿ. ಅಲ್ಲಿ ಕುಂತು, ಅವ್ರ ಹೆಸರಿನ್ಯಾಗ, ನಿಮ್ಮ ಬಾಗಿಲು ಬಡೀತೀನಿ."

ಎಂಟರ್ ಹೊಡೆದ. ಕಪ್ಪು ಕಿಟಕಿಯಲ್ಲಿ ಎರಡು ಸಾಲು ಇಂಗ್ಲಿಷು ಬಂದು ನಿಂತಿತು. ಕೊನೆಗೆ ಹೌದೋ ಅಲ್ಲವೋ ಎಂಬ ಪ್ರಶ್ನೆ.

"ಏನಂತೆ ಸರ್?"

"ಈ ಕಂಪ್ಯೂಟರಿನ ಗುರುತು ನನಗಿಲ್ಲ, ಮುಂದಕ್ಕ ಹೋಗ್ಲೋ ಬ್ಯಾಡೋ ಅಂತ ಕೇಳ್ಲಿಕತ್ತೈತಿ. ಮೊದಲ್ನೇ ಸಲ ಹ್ವಾದಾಗ ಅಷ್ಟ ಇದು ಕೇಳೂದು. ಒಮ್ಮೆ ಹೌದು ಅಂದ್ರ ಗುರುತು ಇಟ್ಕೋತೈತಿ, ಮತ್ತ ಕೇಳೂದಿಲ್ಲ." ಪರದೆಗೆ ಬೆರಳು ತೋರಿಸಿದ. "ಅಂದ್ರ ಸರ್ ಅಲ್ಲಿಂದ ಇಲ್ಲಿಗೆ ಒಮ್ಮೆನೂ ಬಂದಿಲ್ರಿ. ಬಾಗಿಲು ಸೈತ ಬಡದಿಲ್ಲ. ಹೌದು ಅಂತ ಒತ್ಲೇನ್ರಿ?"

"ಬೇಡ," ಎಂದಳು ಮಂಜುಶ್ರೀ.

ಅವನು ಕುರ್ಚಿ ಸರಿಸಿ ಎದ್ದು ಹೊರಗೆ ಹೋದ. ಪ್ರಶ್ನೆ ಪರದೆಯ ಮೇಲೆ ಹಾಗೇ ಇತ್ತು. ಮೆಟ್ಟಿಲು ಹತ್ತಲಾರದವನು, ತಂತಿಯ ದಾರಿಯಲ್ಲೂ ಬಂದಿರಲಿಲ್ಲ. ಹಾಗಾದರೆ ಈ ಮನೆಯಲ್ಲಿ ಈ ಕಂಪ್ಯೂಟರಿನ ಮುಂದೆ ನಿಲ್ಲಬಹುದಾಗಿದ್ದವರು ಇನ್ಯಾರು ಎಂದು ಲೆಕ್ಕ ಹಾಕಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಮಂಜು, ಎಕ್ಕದ ಗಿಡ ಸಿಕ್ತಂತೆ. ಬಾ, ಎತ್ತೋ ಹೊತ್ತಾಯ್ತು." ವೇಣಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಖಾಲಿ ಲೋಟಗಳ ತಟ್ಟೆ.

"ಚಿಕ್ಕಪ್ಪ ಇಲ್ಲಿಗೆ ಬಂದೇ ಇಲ್ವಂತಮ್ಮ."

ವೇಣಿ ಪರದೆ ನೋಡಿದಳು. ಅದರಲ್ಲಿದ್ದದ್ದು ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಮಗಳ ಮುಖ ಓದಲು ಬರುತ್ತಿತ್ತು. ತಟ್ಟೆಯನ್ನು ಹಾಸಿಗೆಯ ಮೇಲಿಟ್ಟು ಅದರ ಪಕ್ಕದಲ್ಲೇ ಕೂತಳು.

"ಧೂಳು ಒರೆಸ್ತಿದ್ದೆ," ಎಂದಳು. "ಬಟ್ಟೆ ತಾಗಿ ಪರದೆ ಬೆಳಕಾಯ್ತು. ನೀನು ಮುಚ್ದೇ ಹೋಗಿದ್ದೆ. ಫೋಟೊ ಅಲ್ಲೇ ಇತ್ತು. ನಾನು ಹೆದರಿ ನಿಮ್ಮಪ್ಪನ್ನ ಕರೆದೆ. ಬೈದು ಬಿಡ್ತಾರೆ ಅಂದ್ಕೊಂಡೆ ಕಣೆ, ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿರ್ಲಿಲ್ಲ."

"ನಾನು ಚಿಕ್ಕಪ್ಪನ ಮುಖಕ್ಕೆ ಉಗಿದಂಗೆ ಮಾತಾಡಿದಾಗ ನೀನು ಅಲ್ಲೇ ಇದ್ದೆಯಲ್ಲ."

"ಇದ್ದೆ."

"ಯಾಕಮ್ಮ ಹೇಳ್ಲಿಲ್ಲ?"

ವೇಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀನು ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಅವನ ಜೊತೇನೂ ಬಿಟ್ಟೆ. ನನ್ ಜೊತೆ ಆಡ್ತಿದ್ದೆ. ಅದೂ ಹೋಗ್ಬಿಟ್ರೆ ಏನ್ ಮಾಡ್ಲಿ ಅಂತ ಸುಮ್ನಾದೆ."

"ಅವನಿಗೆ ಗೊತ್ತಿತ್ತಾ?"

"ಅವತ್ತು ನನ್ ಕಡೆ ನೋಡ್ದಾಗ್ಲೇ ಗೊತ್ತಾಯ್ತು ಅವನಿಗೆ. ಅವತ್ತಿಂದ ಒಂದೊಂದು ತುತ್ತಿಗೂ, ಈಗ ಕೇಳ್ತಾನೆ, ಈಗ ಕೇಳ್ತಾನೆ ಅಂತ ಕಾಯ್ತಿದ್ದೆ. ಕೇಳ್ಲೇ ಇಲ್ಲ. ಸಾರು ಚೆನ್ನಾಗಿದೆ ಅತ್ತಿಗೆ ಅಂತಿದ್ದ. ಮಂಜು ಫೋನ್ ಮಾಡಿದ್ಲಾ ಅಂತಿದ್ದ. ಅಷ್ಟೇ."

ಮಂಜುಶ್ರೀಗೆ ಅಳು ಬರಲಿಲ್ಲ. ಬಂದಿದ್ದರೆ ವಾಸಿ ಅನ್ನಿಸಿತು. ಕೆಳಗೆ ತಮಟೆ ಶುರುವಾಯಿತು.

* * *

ಮದುವೆಯಾಗದೆ ಸತ್ತವನನ್ನು ಹಾಗೇ ಮಣ್ಣು ಮಾಡುವಂತಿಲ್ಲ ಎಂದು ಪಿಳ್ಳಮ್ಮ ಬೆಳಗಿನಿಂದ ಹಟ ಹಿಡಿದಿದ್ದಳು. ಎಕ್ಕದ ಗಿಡಕ್ಕೆ ತಾಳಿ ಕಟ್ಟಿಸಬೇಕು. ಊರ ಸುತ್ತ ಎಲ್ಲಿ ನೋಡಿದರೂ ಸೈಟು, ಶೆಡ್ಡು, ಟೆಕ್ ಪಾರ್ಕು. ಕೊನೆಗೆ ಒಂದು ಕಾರ್ಖಾನೆಯ ಕಾಂಪೌಂಡಿನ ಪಕ್ಕ, ಸಿಮೆಂಟ್ ಧೂಳು ಮೆತ್ತಿಕೊಂಡ ಗಿಡವೊಂದು ಸಿಕ್ಕಿ, ಬುಡಸಮೇತ ಕಿತ್ತು ತಂದಿದ್ದರು. ಪಿಳ್ಳಮ್ಮ ಅದನ್ನು ಲೋಟದ ನೀರಿನಲ್ಲಿ ತೊಳೆದು, ಕುಂಕುಮ ಇಟ್ಟು, ಗಾಜಿನ ಮುಚ್ಚಳ ತೆಗೆಸಿ, ಅರಿಶಿನದ ಕೊಂಬು ಕಟ್ಟಿದ ದಾರವನ್ನು ದೇವರಾಜನ ಕೈಗೆ ಮುಟ್ಟಿಸಿ ಗಿಡಕ್ಕೆ ಸುತ್ತಿದಳು.

"ಆಯ್ತಪ್ಪ ನಿನ್ ಮದ್ವೆ. ಇನ್ನೇನೂ ಬಾಕಿ ಇಟ್ಕಬೇಡ," ಎಂದಳು.

ಫ್ಲೆಕ್ಸ್ ಬಂದಿತ್ತು. ಗೇಟಿನ ಪಕ್ಕ ಎರಡು ಗಳಕ್ಕೆ ಕಟ್ಟಿ ನಿಲ್ಲಿಸಿದ್ದರು. ಸುತ್ತ ಹೂವು, ದೀಪ, ಬಂಧು ಮಿತ್ರರ ಹೆಸರುಗಳು. ನಡುವೆ ಆ ಮುಖ, ಈಗಷ್ಟೇ ಯಾರೋ ಕರೆದರು ಎಂಬಂತೆ ಇತ್ತ ತಿರುಗುತ್ತಿತ್ತು.

ದೇಹವನ್ನು ಪೆಟ್ಟಿಗೆಯಿಂದ ಎತ್ತಿ ಚಟ್ಟದ ಮೇಲೆ ಮಲಗಿಸಿದರು. ತಮಟೆಯವರು ಕೈ ನಿಲ್ಲಿಸಿದರು.

"ಬಾಯಿಗೆ ಅಕ್ಕಿ ಆಕ್ದೇ ಇರೋರು ಇಬ್ರೇಯ. ಬನ್ರವ್ವ, ಒತ್ತು ಮೀರ್ತದೆ," ಎಂದು ಪಿಳ್ಳಮ್ಮ ಮೊರ ಚಾಚಿದಳು.

ತಾಯಿ ಮಗಳು ಇಬ್ಬರೂ ಒಂದೊಂದು ಹಿಡಿ ತೆಗೆದುಕೊಂಡರು. ವೇಣಿ ಮುಂದೆ ಹೋಗಲಿಲ್ಲ. ಮಂಜುಶ್ರೀ ಬಗ್ಗಿದಳು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು, ತುಟಿಗಳು ಬಿಗಿದುಕೊಂಡಿದ್ದವು. "ಚಿಕ್ಕಪ್ಪ," ಎಂದಳು. ಅವನನ್ನು ಹಾಗೆ ಕರೆದು ಆರು ವರ್ಷವಾಗಿತ್ತು. ಅಕ್ಕಿ ತುಟಿಯ ಮೇಲೆ ಬಿದ್ದು, ಒಳಗೆ ಹೋಗದೆ, ಕೆನ್ನೆಯ ಮೇಲಿಂದ ಜಾರಿ ಹೂವಿನ ಹಾರಕ್ಕೆ ಬಿತ್ತು. ಇನ್ನೊಂದಿಷ್ಟು ಹಾಕಿದಳು, ಅದೂ ಜಾರಿತು.

"ಬಿಡವ್ವ, ಬಾಯಿ ಬಿಗಿದು ಓಗದೆ. ಇನ್ನು ಬಿಡಾಕಿಲ್ಲ ಅವ್ನು," ಎಂದಳು ಪಿಳ್ಳಮ್ಮ.

ಲೋಕೇಶ ಮತ್ತು ಬಾಡಿಗೆಯ ಹುಡುಗರು ಚಟ್ಟಕ್ಕೆ ಹೆಗಲು ಕೊಟ್ಟರು. ಗೇಟಿನಾಚೆ ತಿರುವಿನಲ್ಲಿ ಅದು ಮರೆಯಾಗುವವರೆಗೂ ವೇಣಿ ನಿಂತಲ್ಲೇ ನಿಂತಿದ್ದಳು. ಅವಳ ಮುಷ್ಟಿ ಬಿಚ್ಚಿರಲಿಲ್ಲ, ಬೆರಳ ಸಂದಿಯಿಂದ ಒಂದೊಂದೇ ಕಾಳು ಅಕ್ಕ ಪಕ್ಕದ ಖಾಲಿ ಕುರ್ಚಿಗಳ ನಡುವೆ ಬೀಳುತ್ತಿತ್ತು.